ರಾಗಿ ಹೊಲದ ಹೊನ್ನು: ಹುಚ್ಚೆಳ್ಳು

ಬೆಂಗಳೂರಿನ ವಿಜಯನಗರದ ಹೂವಿನ ಅಂಗಡಿಯಲ್ಲಿ ‘ಆಸ್ಟರ್’ ಕೇಳಿದರೆ ಬಿಳಿ, ಗುಲಾಬಿ, ನೇರಳೆ ಬಣ್ಣದ ಹೂ ತೂಗಿ ಕೊಡುತ್ತಾರೆ. ಅದು ಚೀನಾ ಮೂಲದ್ದು. ಹಳದಿ ಹೂವಿನ ಗೋಲ್ಡನ್ ಆಸ್ಟರ್ ಉತ್ತರ ಅಮೆರಿಕದ ಮಣ್ಣಿನದು. ಅದೇ ಸೂರ್ಯಕಾಂತಿ ಕುಟುಂಬದ, ಅದೇ ಹೊನ್ನಿನ ಬಣ್ಣದ ಹೂವೊಂದು ಕೆಂಗೇರಿ, ಮಾಗಡಿ ಕಡೆಯ ರಾಗಿ ಹೊಲಗಳಲ್ಲಿ ತಲೆಮಾರುಗಳಿಂದ ಅರಳುತ್ತ ಬಂದಿದೆ. ಅದೇ ಹುಚ್ಚೆಳ್ಳು, ಉತ್ತರ ಕರ್ನಾಟಕದವರ ಗುರೆಳ್ಳು. ಇದರ ಚಟ್ನಿಪುಡಿ ತಿಂದವರು ಬೇಕಾದಷ್ಟು ಜನ ಇದ್ದಾರೆ, ಹೂವಿನ ಗುರುತು ಹಿಡಿಯುವವರು ಮಾತ್ರ ನಗರದಲ್ಲಿ ಕಡಿಮೆಯಾಗುತ್ತಿದ್ದಾರೆ. ನನಗೆ ಅದು ನಿಜವಾದ ನಷ್ಟ ಅನಿಸುತ್ತದೆ.

ಇದರ ತವರು ಇಥಿಯೋಪಿಯಾ. ಅಲ್ಲಿ ಇದಕ್ಕೆ ‘ನೂಗ್’ ಎನ್ನುತ್ತಾರೆ, ಅಡುಗೆ ಎಣ್ಣೆಗೆಂದೇ ಬೆಳೆಯುತ್ತಾರೆ. ನಮ್ಮ ರೈತರು ಇದಕ್ಕೆ ಅಕ್ಕಡಿ ಸಾಲಿನಲ್ಲಿ, ಅವರೆ, ಜೋಳ, ಹರಳಿನ ಜೊತೆಗೆ ಜಾಗ ಕೊಟ್ಟರು. ಕೆಂಗೇರಿ ಸುತ್ತ ಹೊಲಗಳು ಸೈಟುಗಳಾದ ಮೇಲೆ ಆ ಸಾಲುಗಳೂ ಹೋದವು.

ಗುರುತು ಹಿಡಿಯುವುದು ಕಷ್ಟವಲ್ಲ. ಗಿಡ ಸೊಂಟದೆತ್ತರ, ಕೆಲವೊಮ್ಮೆ ಎದೆಯೆತ್ತರ. ಕಾಂಡದ ಮೇಲೆ ನವಿರಾದ ರೋಮ. ಎಲೆಗಳು ಎದುರುಬದುರು ಹೊರಟು, ತೊಟ್ಟೇ ಇಲ್ಲದೆ ಕಾಂಡವನ್ನು ತಬ್ಬಿಕೊಂಡಿರುತ್ತವೆ. ಹೂವಿನಲ್ಲಿ ಸಾಮಾನ್ಯವಾಗಿ ಎಂಟು ಹಳದಿ ಎಸಳು; ಪ್ರತಿ ಎಸಳಿನ ತುದಿಯಲ್ಲಿ ಮೂರು ಪುಟ್ಟ ಹಲ್ಲು. ರಸ್ತೆ ವಿಭಜಕಗಳಲ್ಲಿ ನೆಲಕ್ಕೆ ಹಬ್ಬಿರುವ ಹಳದಿ ಹೂವಿನ ವೆಡೀಲಿಯಾವನ್ನು ಇದೆಂದು ತಿಳಿಯಬೇಡಿ. ಎಲೆ ಹರಿದ ಹಾಗೆ ಸೀಳಿದ್ದು, ಬೀಜ ಸೂಜಿಯಂತೆ ಬಟ್ಟೆಗೆ ಚುಚ್ಚಿಕೊಂಡರೆ ಅದು ಕಾಸ್ಮಾಸ್.

ಒಂದು ಹೂವನ್ನು ಭೂತಗನ್ನಡಿಯಲ್ಲಿ ನೋಡಿ. ನಾವು ಎಸಳು ಅನ್ನುವ ಒಂದೊಂದೂ ಒಂದು ಹೂ. ನಡುವಿನ ದಿಂಬಿನಲ್ಲಿ ಕೊಳವೆಯಂಥ ಹತ್ತಾರು ಪುಟಾಣಿ ಹೂಗಳು ಒತ್ತೊತ್ತಾಗಿ ನಿಂತಿವೆ, ಹೊರಸುತ್ತಿನಿಂದ ಒಳಕ್ಕೆ ದಿನಕ್ಕಿಷ್ಟು ಅರಳುತ್ತವೆ. ಕೊಳವೆಯೊಳಗಿಂದ ಶಲಾಕೆ ಮೇಲೇರುವಾಗ ಪರಾಗವನ್ನು ಹೊರಗೆ ನೂಕುತ್ತದೆ. ಆಮೇಲೆ ಅದರ ತುದಿ ಎರಡಾಗಿ ಸೀಳಿ, ಸುರುಳಿ ಸುತ್ತಿ, ಬೇರೆ ಗಿಡದ ಪರಾಗಕ್ಕೆ ಕಾಯುತ್ತದೆ.

ಬೇರೆ ಗಿಡದ್ದೇ ಆಗಬೇಕು. ತನ್ನ ಪರಾಗದಿಂದ ಹುಚ್ಚೆಳ್ಳು ಕಾಳು ಕಟ್ಟುವುದು ಬಹಳ ಕಡಿಮೆ. ಇದನ್ನು ನಾನು ಕಲಿತದ್ದು ಬಸವೇಶ್ವರನಗರದ ತಾರಸಿಯಲ್ಲಿ. ಮೊದಲ ವರ್ಷ ಬಣ್ಣದ ಬಕೆಟ್ಟಿನಲ್ಲಿ ಒಂದೇ ಗಿಡ ಉಳಿಸಿಕೊಂಡೆ. ಹೂ ತುಂಬಿ ಬಂತು, ಕೈಗೆ ಸಿಕ್ಕಿದ್ದೆಲ್ಲ ಜೊಳ್ಳು. ಮರುವರ್ಷ ಉದ್ದನೆ ತೊಟ್ಟಿಯಲ್ಲಿ ಇಪ್ಪತ್ತು ಗಿಡ ಬೆಳೆಸಿದೆ. ಬೆಳಗಿನ ಎಳೆ ಬಿಸಿಲಿಗೆ ತುಡುವೆ ಜೇನು, ಕೋಲ್ಜೇನು ಬಂದು ಗುಂಯ್‌ಗುಟ್ಟಿದವು, ಕಾಳು ಗಟ್ಟಿಯಾಯಿತು.

ಬೀಜಕ್ಕೆ ದಿನಸಿ ಅಂಗಡಿಯ ಹುರಿಯದ ಹುಚ್ಚೆಳ್ಳೇ ಸಾಕು. ಆಗಸ್ಟಿನಲ್ಲಿ ಮರಳಿನೊಂದಿಗೆ ಬೆರೆಸಿ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಿ. ಮೊಳೆತ ಮೇಲೆ ಗೇಣಿಗೊಂದರಂತೆ ಉಳಿಸಿ ಮಿಕ್ಕವನ್ನು ಕೀಳಬೇಕು. ಗೊಬ್ಬರ ಹೆಚ್ಚಾದರೆ ಸೊಪ್ಪು ಸೊಕ್ಕಿ ಗಿಡ ಮಲಗುತ್ತದೆ. ಹಗಲು ಕಿರಿದಾದಾಗ ಹೂ ಬಿಡುವ ಜಾತಿ ಇದು. ಬೇಸಿಗೆಯಲ್ಲಿ ಬಿತ್ತಿ ಹೂವಿಗೆ ಕಾಯುವುದು ವ್ಯರ್ಥ. ಎಲೆಯಿಲ್ಲದ ಹಳದಿ ದಾರದಂಥ ಬಳ್ಳಿ ಕಾಂಡಕ್ಕೆ ಸುತ್ತಿಕೊಂಡರೆ ಆ ಗಿಡವನ್ನೇ ಕಿತ್ತುಹಾಕಿ. ಅದು ಕಸ್ಕ್ಯೂಟ, ಹುಚ್ಚೆಳ್ಳಿನ ರಸ ಹೀರಿ ಬದುಕುವ ಕಳೆ.

ಎಲೆ ಒಣಗಿ ಹೂತಲೆ ಕಂದಾದ ಕೂಡಲೇ ಕೊಯ್ಯಿರಿ. ತಡವಾದರೆ ಕಾಳು ಉದುರುತ್ತದೆ. ಗೋಣಿಯ ಮೇಲೆ ಒಣಗಿಸಿ ಬಡಿದರೆ ಕರ್ರಗೆ ಮಿನುಗುವ ಸಣ್ಣ ಕಾಳು. ಮುಂದಿನ ಆಗಸ್ಟಿಗೆ ಒಂದು ಹಿಡಿ ಎತ್ತಿಟ್ಟು, ಉಳಿದದ್ದನ್ನು ಒಣಮೆಣಸಿನಕಾಯಿಯ ಜೊತೆ ಬಾಣಲೆಗೆ ಹಾಕಿ.