ನೂರು ದಾಟಿದ ಮಿಷನ್ ಆಸ್ಪತ್ರೆ, ಹಂಡೆ ನೀರಿನ ಅಕ್ಕ

ಉಡುಪಿಯ ಆಟೋದವರಿಗೆ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಎನ್ನುವುದಕ್ಕಿಂತ ಮಿಷನ್ ಆಸ್ಪತ್ರೆ ಎಂದರೇ ಸಲೀಸು. ಅಲ್ಲಿ ಬೆಂಚಿನ ಮೇಲೆ ಕಾಯುತ್ತಿದ್ದ ಅಕ್ಕ ಆಸ್ಪತ್ರೆಯ ನೌಕರರಲ್ಲ. ಮನೆಮನೆಗೆ ಹೋಗಿ ಬಾಣಂತಿಯನ್ನೂ ಕೂಸನ್ನೂ ಮೀಯಿಸುವವರು, ಕಾಪು ಕಡೆಯವರು. ಮಾತು ಶುರುವಾದರೆ ನಿಲ್ಲುವ ಜಾತಿಯಲ್ಲ.

ಮೊದಲು ಆಸ್ಪತ್ರೆಯ ಚರಿತ್ರೆ ಹೇಳಿ ಮುಗಿಸುತ್ತೇನೆ. 1923ರಲ್ಲಿ ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ ಹೆಂಗಸರು, ಮಕ್ಕಳಿಗಾಗಿ ಶುರುಮಾಡಿದ ಚಿಕಿತ್ಸಾಲಯವಿದು. ಪೇಟೆಯ ಸರ್ಕಾರಿ ಹೆಂಗಸರ-ಮಕ್ಕಳ ಆಸ್ಪತ್ರೆಯ ಜಾಗ ಹಾಜಿ ಅಬ್ದುಲ್ಲಾ ಸಾಹೇಬರ ದಾನ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) ಬಂದದ್ದು 1953ರಲ್ಲಿ.

ಕಳೆದ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರದಲ್ಲಿ ಸುಮಾರು 200 ಕೂಸುಗಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಗಂಡು ಡಾಕ್ಟರ ಮುಂದೆ ಬಸುರಿಯರು ಬಾಯಿ ಬಿಡದ ಕಾಲ. ಕಾರ್ಕಳದ ಒಳಹಳ್ಳಿಯಿಂದ ಮಳೆಗಾಲದಲ್ಲಿ ಹೊಳೆ ದಾಟಿ ಇಲ್ಲಿಗೆ ಬರುವುದಾದರೂ ಹೇಗೆ? ಊರಿನ ಸೂಲಗಿತ್ತಿಯೇ ಗತಿ.

ಅಕ್ಕನ ಅಜ್ಜಿ ಅಂಥ ಸೂಲಗಿತ್ತಿ. ಹೊಕ್ಕುಳಬಳ್ಳಿ ಕೊಯ್ಯಲು ಆ ಮನೆಯಲ್ಲಿ ಸಿಕ್ಕಿದ ಕತ್ತಿಯೇ ಸಾಕಿತ್ತಂತೆ. "ಏಳೆಂಟು ದಿನಕ್ಕೆ ಕೂಸು ಮೊಲೆ ಕಚ್ಚುವುದಿಲ್ಲ, ಬಿಲ್ಲಿನ ಹಾಗೆ ಸೆಟೆಯುತ್ತದೆ. ಬಾಲಗ್ರಹ ಅಂತ ನೂಲು ಕಟ್ಟುವುದು. ಎಂತ ಪ್ರಯೋಜನ ಮಾರಾಯ್ರೆ? ಅಜ್ಜಿ ಕಡೆಯವರೆಗೂ ಅದನ್ನು ಹೇಳಿ ಅಳುತ್ತಿದ್ದರು." ಹೊಕ್ಕುಳಿನ ಗಾಯದಿಂದ ಏರುವ ಧನುರ್ವಾಯು ಅದು. ಕುದಿಸಿದ ಕತ್ತರಿ, ಶುದ್ಧ ದಾರ, ಬಸುರಿಗೆ ಸೂಜಿ ಇದ್ದರೆ ತಪ್ಪುವಂಥದ್ದು. ನಮ್ಮ ದೇಶದಲ್ಲಿ ಅದು ನಿವಾರಣೆಯಾಯಿತೆಂದು ಘೋಷಣೆಯಾದದ್ದು 2015ರಲ್ಲಿ. ತಡವಾಯಿತು ಅನ್ನಿಸದೆ ಇರದು.

ಹೆರಿಗೆ ಆಸ್ಪತ್ರೆಗೆ ಹೋಯಿತು, ಸ್ನಾನ ಅಕ್ಕನ ಪಾಲಿಗೆ ಉಳಿಯಿತು. ನಲವತ್ತು ದಿನ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಎರೆಯುವ ಕೆಲಸ. ಈಗ ಫ್ಲ್ಯಾಟುಗಳಲ್ಲಿ ಹಂಡೆ ಎಲ್ಲಿ? ಗೀಸರ್ ನೀರು ಅರ್ಧಕ್ಕೇ ತಣ್ಣಗಾಗುತ್ತದೆ ಎಂಬುದು ಅವರ ದೊಡ್ಡ ದೂರು. ಸಂಬಳ ಕೊಡುವಾಗ "ಮೊಬೈಲಿನಲ್ಲಿ ನೋಡಿ ನಾವೇ ಮೀಯಿಸುತ್ತಿದ್ದೆವು" ಅನ್ನುವವರ ಮೇಲೆ ಅದಕ್ಕಿಂತ ಸಿಟ್ಟು. ಮಗಳು ಮಣಿಪಾಲದಲ್ಲಿ ಅಂಗಡಿ ಕೆಲಸಕ್ಕೆ ಸೇರಿದ್ದಾಳೆ, ಈ ಕೆಲಸ ಅವಳಿಗೆ ಬೇಡ.

"ಕಿವಿಗೆ, ಮೂಗಿಗೆ ಎಣ್ಣೆ ಬಿಡಬೇಡಿ ಅಂತ ನರ್ಸಮ್ಮ ಬೈದ ಮೇಲೆ ಬಿಟ್ಟಿದ್ದೇನೆ. ಧೂಪ ಮಾತ್ರ ಬಿಡುವುದಿಲ್ಲ," ಎಂದರು. ಹೊಗೆ ಕೂಸಿನ ಎದೆಗೆ ಒಳ್ಳೆಯದಲ್ಲ ಅಕ್ಕಾ ಎಂದೆ. ಹಾಗಾದರೆ ಸ್ವಲ್ಪ ದೂರ ಇಟ್ಟು ಹಾಕುತ್ತೇನೆ ಎಂದರು.