ಮಾವನ ಕಿತ್ತಳೆಗೆ ಬೆರಳು ನಿಂಬೆಯ ಮದ್ದು?

ಡಿಸೆಂಬರ್‌ನ ಒಂದು ಭಾನುವಾರ ಸೋಮವಾರಪೇಟೆ ಕಡೆಯ ನನ್ನ ಸೋದರಮಾವ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಅಂಗೈ ಮೇಲೆ ಕಿತ್ತಳೆ ಹಣ್ಣು. ಒಂದು ಕಡೆ ಊದಿದೆ, ಇನ್ನೊಂದು ಕಡೆ ಸೊರಗಿದೆ, ತುದಿ ಇನ್ನೂ ಹಸಿರು. ಕೆಳಗೆ ಒಂದೇ ಸಾಲು: 'ಇದಕ್ಕೇನು ಔಷಧಿ ಅಂತ ಸ್ವಲ್ಪ ನೋಡಿ ಹೇಳು ಅಳಿಯಾ.'

ಮಾವನ ಕಾಫಿ ತೋಟದ ನಡುವೆ ಇದ್ದದ್ದು ಏಳು ಕಿತ್ತಳೆ ಮರ. ಎಲ್ಲವೂ ಅಜ್ಜ ನೆಟ್ಟವು. ಎಲೆ ಪರೀಕ್ಷೆ ಮಾಡಿಸಿದಾಗ ಐದು ಮರಕ್ಕೆ 'ಗ್ರೀನಿಂಗ್' ರೋಗ ಇರೋದು ಗೊತ್ತಾಯ್ತು. ಎಳ್ಳಿನಷ್ಟು ದೊಡ್ಡ ಸಿಲಿಡ್ ಎಂಬ ಕೀಟ ಚಿಗುರಿನ ರಸ ಹೀರುವಾಗ ಒಂದು ಬ್ಯಾಕ್ಟೀರಿಯಾವನ್ನು ಮರದೊಳಗೆ ಬಿಡುತ್ತದೆ. ಎಲೆಯಿಂದ ಬೇರಿಗೆ ಆಹಾರ ಸಾಗಿಸುವ ನಾಳದಲ್ಲೇ ಅದು ಮನೆ ಮಾಡುತ್ತದೆ. ಮರ ಹಸಿವಿನಿಂದ ಸಾಯುತ್ತದೆ ಅಂದರೂ ತಪ್ಪಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಈ ರೋಗ ಪತ್ತೆಯಾದದ್ದು 2005ರಲ್ಲಿ. ಅದಕ್ಕೆ ಮುಂಚೆ ವರ್ಷಕ್ಕೆ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ರಾಜ್ಯ, ಚಂಡಮಾರುತಗಳ ಹೊಡೆತವೂ ಸೇರಿ, ಈಗ 2 ಕೋಟಿ ಪೆಟ್ಟಿಗೆಗೂ ಕೆಳಗೆ ಬಂದಿದೆ.

ಔಷಧಿ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ ಪದ 'ಪೆಪ್ಟೈಡ್'. ಫೇಸ್ ಸೀರಮ್ ಜಾಹೀರಾತಿನಲ್ಲಿ ನೀವೂ ಕೇಳಿರ್ತೀರಿ. ಅಮೈನೊ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಪುಟ್ಟ ಸರ ಅದು. ಉದ್ದವಾದರೆ ಪ್ರೋಟೀನ್, ಗಿಡ್ಡವಾದರೆ ಪೆಪ್ಟೈಡ್.

ನಮ್ಮ ದೇಹದಲ್ಲಿ ಬಿಳಿ ರಕ್ತಕಣಗಳು ಗಸ್ತು ತಿರುಗುತ್ತವೆ. ಗಿಡಕ್ಕೆ ಆ ಸೌಕರ್ಯ ಇಲ್ಲ. ಪ್ರತಿ ಜೀವಕೋಶವೂ ತನ್ನ ಕಾವಲು ತಾನೇ ಕಾಯಬೇಕು. ಅದಕ್ಕೆ ಗಿಡಗಳು ಇಟ್ಟುಕೊಂಡ ಆಯುಧಗಳಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಪೆಪ್ಟೈಡ್‌ಗಳೂ ಒಂದು. ಇವುಗಳಲ್ಲಿ ಹೆಚ್ಚಿನವಕ್ಕೆ ಧನ ವಿದ್ಯುದಂಶ ಇರುತ್ತದೆ, ಬ್ಯಾಕ್ಟೀರಿಯಾದ ಹೊರಪೊರೆಗೆ ಋಣ ವಿದ್ಯುದಂಶ. ಹೋಗಿ ಅಂಟಿಕೊಂಡು ಪೊರೆಯನ್ನೇ ತೂತು ಮಾಡುತ್ತವೆ. ಇಂಥದ್ದೊಂದನ್ನು ಗೋಧಿ ಹಿಟ್ಟಿನಿಂದ ಬೇರ್ಪಡಿಸಿದ್ದು 1942ರಲ್ಲೇ. ಆಲೂಗಡ್ಡೆಯಲ್ಲೂ ಇದೆ. ಮೂಲಂಗಿ ಬೀಜವಂತೂ ಮೊಳಕೆಯೊಡೆಯುವಾಗ ತನ್ನ ಸುತ್ತಲಿನ ಮಣ್ಣಿಗೆ ಇಂಥ ಪೆಪ್ಟೈಡ್ ಬಿಟ್ಟು, ಶಿಲೀಂಧ್ರ ಹತ್ತಿರ ಬಾರದ ಹಾಗೆ ಬೇಲಿ ಹಾಕಿಕೊಳ್ಳುತ್ತದೆ.

ಹಾಗಾದರೆ ಕಿತ್ತಳೆ ಯಾಕೆ ಸೋಲ್ತು? ಈ ಪ್ರಶ್ನೆ ಹಿಡಿದು ಹೊರಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್‌ನ ವಿಜ್ಞಾನಿ ಹೈಲಿಂಗ್ ಜಿನ್. ಆಸ್ಟ್ರೇಲಿಯಾದ ಕಾಡಿನಲ್ಲಿ ಬೆರಳಿನ ಆಕಾರದ ಒಂದು ನಿಂಬೆ ಬೆಳೆಯುತ್ತದೆ. ಕತ್ತರಿಸಿದರೆ ಒಳಗೆ ಬೇಯಿಸಿದ ಸಾಬೂದಾನಿ ಥರದ ಹುಳಿ ಮುತ್ತುಗಳು. ಇದು ಗ್ರೀನಿಂಗ್ ರೋಗವನ್ನು ತಡೆದುಕೊಳ್ಳುತ್ತದೆ. ನಾವು ಓಡುವ ಕೋಡನ್ನೂ ಕೈಕೊಟ್ಟ ಕೋಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕ್ತೀವಲ್ಲ, ಅವರ ತಂಡ ಮಾಡಿದ್ದೂ ಹೆಚ್ಚು ಕಡಿಮೆ ಅದನ್ನೇ. ರೋಗ ತಡೆಯುವ ಗಿಡದ ಮತ್ತು ರೋಗಕ್ಕೆ ಬೀಳುವ ಗಿಡದ ಜೀನ್‌ಗಳನ್ನು ಹೋಲಿಸಿದಾಗ ಸಿಕ್ಕಿದ್ದು 67 ಅಮೈನೊ ಆಮ್ಲಗಳ ಒಂದು ಪೆಪ್ಟೈಡ್. 2021ರಲ್ಲಿ ಅದರ ವಿವರ ಪ್ರಕಟವಾಯ್ತು. ಸಿಂಪಡಿಸಿದರೆ ಅಥವಾ ಕಾಂಡಕ್ಕೆ ಚುಚ್ಚಿದರೆ ರೋಗದ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಗಿಡದ ಸ್ವಂತ ರೋಗನಿರೋಧಕ ಶಕ್ತಿಯೂ ಎಚ್ಚರಗೊಳ್ಳುತ್ತದೆ. ಬಿಸಿಲಿನ ತಾಪಕ್ಕೂ ಅದು ಕೆಡುವುದಿಲ್ಲ.

ಖುಷಿಯಲ್ಲಿ ಇದನ್ನು ಫ್ಯಾಮಿಲಿ ಗ್ರೂಪ್‌ಗೆ ಹಾಕಿದೆ. ಐದೇ ನಿಮಿಷದಲ್ಲಿ ಚಿಕ್ಕಮ್ಮನ ಮೆಸೇಜ್: 'ಹಂಗಾದ್ರೆ ನಿಂಬೆರಸ ಕುಡಿದ್ರೆ ಸಾಕು, ಡಾಕ್ಟ್ರು ಕೊಟ್ಟ ಆಂಟಿಬಯಾಟಿಕ್ ನಿಲ್ಲಿಸ್ಲಾ?' ನನಗೆ ಎದೆ ಧಸಕ್ ಅಂತು. ತಕ್ಷಣ ಫೋನ್ ಮಾಡಿದೆ. 'ಬೇಡ ಚಿಕ್ಕಮ್ಮ. ನಾವು ತಿಂದ ಪೆಪ್ಟೈಡ್‌ಗಳಲ್ಲಿ ಬಹುಪಾಲು ಬೇಳೆಯ ಪ್ರೋಟೀನ್ ಥರಾನೇ ಹೊಟ್ಟೆಯಲ್ಲಿ ಜೀರ್ಣ ಆಗಿಬಿಡುತ್ತೆ. ಗಿಡಕ್ಕೆ ಕಾವಲು ಆಗಿದ್ದು ನಮಗೆ ಮಾತ್ರೆ ಆಗಲ್ಲ. ಕೋರ್ಸ್ ಪೂರ್ತಿ ಮುಗಿಸಿ.' ಮುಗಿಸಿದರು.

ಮಾವನಿಗೆ ಹೇಳೋದು ಇನ್ನೂ ಕಷ್ಟವಾಯ್ತು. ಆ ಔಷಧಿ ನಮ್ಮೂರಿನ ಗೊಬ್ಬರದಂಗಡಿಗೆ ಬಂದಿಲ್ಲ. ಇವತ್ತಿಗೆ ಇರುವ ದಾರಿ ಹಳೆಯದೇ: ರೋಗ ಹಿಡಿದ ಮರ ತೆಗೆಯೋದು, ಸಿಲಿಡ್ ಹತೋಟಿ ಮಾಡೋದು, ನಂಬಿಕಸ್ತ ನರ್ಸರಿಯ ರೋಗಮುಕ್ತ ಸಸಿ ನೆಡೋದು. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಅಪ್ಪ ನೆಟ್ಟಿದ್ದು' ಅಂದರು, ಅಷ್ಟೇ. ಮಾರನೇ ವಾರ ಐದೂ ಮರ ಕಡಿಸಿದರು. ಅದರ ಫೋಟೊ ಮಾತ್ರ ಕಳಿಸಲಿಲ್ಲ.

ಮಳೆ ಹಿಡಿದ ಮೇಲೆ ಹತ್ತು ಕಸಿ ಸಸಿ ನೆಟ್ಟಿದ್ದಾರೆ. ಈಗ ಊರಿಗೆ ಹೋದರೆ ಕಾಫಿ ಕುಡಿಯೋಕೂ ಮುಂಚೆ ಇಬ್ಬರೂ ತೋಟಕ್ಕಿಳಿದು ಎಳೆ ಚಿಗುರುಗಳನ್ನು ಒಂದೊಂದಾಗಿ ಬಿಡಿಸಿ ನೋಡ್ತೀವಿ, ಸಿಲಿಡ್ ಮೊಟ್ಟೆ ಇಟ್ಟಿದೆಯಾ ಅಂತ. ಮಾವ ಪ್ರತಿ ಸಲವೂ ಕೇಳ್ತಾರೆ, 'ಆ ಬೆರಳು ನಿಂಬೆ ಮದ್ದು ಬಂತಾ ಅಳಿಯಾ?'

'ಇನ್ನೂ ಇಲ್ಲ ಮಾವ' ಅಂತೀನಿ. ಮುಂದಿನ ಸಸಿಗೆ ಹೋಗ್ತೀವಿ.