ಚಂದ್ರನ ವಿರಳ ಅನಿಲ ಅಳೆದ ‘ಚೇಸ್-2’

ಚಂದ್ರನಲ್ಲಿ ಗಾಳಿಯಿಲ್ಲವೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ ಅಲ್ಲಿ ಅತ್ಯಂತ ವಿರಳವಾದ ಅನಿಲದ ಹೊದಿಕೆಯೊಂದಿದೆ. 2019ರ ಜುಲೈ 22ರಂದು ಉಡಾವಣೆಗೊಂಡ ಚಂದ್ರಯಾನ-2 ನೌಕೆಯ ‘ಚೇಸ್-2’ ಉಪಕರಣವು ಸುಮಾರು 100 ಕಿ.ಮೀ. ಎತ್ತರದ ಕಕ್ಷೆಯಿಂದ ಅದನ್ನು ಅಳೆದಿದೆ. ನೌಕೆಯ ಮಾಹಿತಿ ಬೆಂಗಳೂರು ಸಮೀಪದ ಬ್ಯಾಲಾಳು ಕೇಂದ್ರಕ್ಕೆ ತಲುಪುತ್ತದೆ.

ಒಳಬಂದ ಅನಿಲಕಣಗಳಿಗೆ ಎಲೆಕ್ಟ್ರಾನ್ ತಾಡಿಸಿ ವಿದ್ಯುದಾವೇಶ ನೀಡಲಾಗುತ್ತದೆ. ಬಳಿಕ ನಾಲ್ಕು ಸರಳುಗಳ ನಡುವಿನ ವಿದ್ಯುತ್ ಕ್ಷೇತ್ರವು ದ್ರವ್ಯರಾಶಿಗೆ ಅನುಗುಣವಾಗಿ ಅವುಗಳನ್ನು ಬೇರ್ಪಡಿಸುತ್ತದೆ. ತೊಡಕೆಂದರೆ, ನೌಕೆಯ ಮೈಯಿಂದಲೂ ನೀರಾವಿಯಂತಹ ಅನಿಲಗಳು ಹೊಮ್ಮುತ್ತವೆ. ಚಂದ್ರನದು ಯಾವುದು, ನೌಕೆಯದು ಯಾವುದು ಎಂದು ವಿಂಗಡಿಸದಿದ್ದರೆ ಲೆಕ್ಕವೇ ತಪ್ಪುತ್ತದೆ.

ಚಂದ್ರನ ಮಧ್ಯ ಅಕ್ಷಾಂಶಗಳಲ್ಲೂ ಆರ್ಗಾನ್-40 ಹರಡಿರುವುದನ್ನು ಇಸ್ರೊ 2022ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಒಡಲಿನ ಪೊಟ್ಯಾಸಿಯಂ-40 ಕ್ಷಯಿಸಿದಾಗ ಹುಟ್ಟುವ ಈ ಅನಿಲವು ಬಿರುಕುಗಳ ಮೂಲಕ ಮೇಲೇರುತ್ತದೆ. ಹೀಗಾಗಿ, ನೆಲ ಅಗೆಯದೆಯೇ ಚಂದ್ರನ ಒಡಲಿನ ಸುಳಿವು ದೊರೆಯುತ್ತದೆ.